ಉಳ್ಳಾರ್ತಿ ಕಾವಲಿಗೆ ಜೀವವಿದೆಯೇ?

ವಿಜ್ಞಾನದ ಪಠ್ಯಪುಸ್ತಕ ತೆರೆದರೆ ಸಜೀವಿಗಳ ಲಕ್ಷಣಗಳ ಪಟ್ಟಿ ಸಿಗುತ್ತದೆ. ಸಜೀವಿಗಳು ಆಹಾರ ಸೇವಿಸುತ್ತವೆ, ಉಸಿರಾಡುತ್ತವೆ, ಬೆಳೆಯುತ್ತವೆ, ಚಲಿಸುತ್ತವೆ, ಪ್ರಚೋದನೆಗೆ ಪ್ರತಿಕ್ರಿಯೆ ತೋರುತ್ತವೆ, ತ್ಯಾಜ್ಯವನ್ನು ಹೊರಹಾಕುತ್ತವೆ, ತಮ್ಮಂತಹದೇ ಜೀವಿಗಳಿಗೆ ಜನ್ಮ ಕೊಡುತ್ತವೆ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಕಾವಲಿಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೋಗಿ ನಿಂತರೆ ತೊಡಕು ಶುರುವಾಗುತ್ತದೆ. ಕಾಲಡಿಯ ಕರಡದ ಹುಲ್ಲು ಒಣಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದು ಬೆಳೆಯುತ್ತಿಲ್ಲ, ಮುಟ್ಟಿದರೆ ಪುಡಿಯಾಗುತ್ತದೆ. ಹಾಗಾದರೆ ಅದು ಸತ್ತಿದೆಯೇ? ಈ ಪ್ರಶ್ನೆಗೆ ಕೊಟ್ಟ ಉತ್ತರದ ಮೇಲೆ ಈ ಸೀಮೆಯ ಸುಮಾರು ಹತ್ತು ಸಾವಿರ ಎಕರೆ ನೆಲದ ಹಣೆಬರಹ ಬದಲಾಗಿದೆ. ಆದ್ದರಿಂದ ಇದು ಬರೀ ವಿಜ್ಞಾನದ ಪ್ರಶ್ನೆಯಲ್ಲ, ನಮ್ಮ ಜಿಲ್ಲೆಯ ಇತಿಹಾಸದ ಪ್ರಶ್ನೆಯೂ ಹೌದು.

ಮೊದಲು ಇತಿಹಾಸವನ್ನೇ ನೋಡೋಣ. ‘ಕಾವಲು’ ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಪ್ರತಿನಿಧಿಗಳು ಸಾಕಿದ್ದ ಹಳ್ಳಿಕಾರ್ ತಳಿಯ ದನಗಳು ಮುಂದೆ ಮೈಸೂರಿನ ಒಡೆಯರ ಕೈಗೆ ಬಂದವು. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673-1704) ಅವುಗಳ ಸಂಖ್ಯೆಯನ್ನು ಹೆಚ್ಚಿಸಿ, ರಾಜ್ಯದ ನಾನಾ ಕಡೆ ಕಾವಲುಗಳನ್ನು ಗೊತ್ತುಮಾಡಿ, ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿಟ್ಟರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಮುಖ್ಯ ಕೆಲಸವಾಗಿತ್ತು.

ಹೈದರ್ ಅಲಿ ಈ ದನಗಳಲ್ಲಿ ಬೇರೆಯೇ ಗುಣವನ್ನು ಕಂಡರು. ಇವು ಕೊಡುವ ಹಾಲು ಕಡಿಮೆ, ಆದರೆ ಓಟ ಮತ್ತು ತಾಳಿಕೆ ಅಪಾರ. ಫಿರಂಗಿಗಳನ್ನೂ ಮದ್ದುಗುಂಡುಗಳನ್ನೂ ಎಳೆಯಲು ಈ ಎತ್ತುಗಳನ್ನು ಬಳಸಿದ್ದರಿಂದಲೇ ಮೈಸೂರಿನ ಸೈನ್ಯ ಶತ್ರುವಿನ ಊಹೆಗೂ ಸಿಗದ ವೇಗದಲ್ಲಿ ಸಾಗುತ್ತಿತ್ತು. ಹೈದರ್ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದರೆಂದು ಬ್ರಿಟಿಷರೇ ಬರೆದುಕೊಂಡಿದ್ದಾರೆ. ಟಿಪ್ಪು ಸುಲ್ತಾನರು ಇಲಾಖೆಯ ಹೆಸರನ್ನು ‘ಅಮೃತ್ ಮಹಲ್’ ಎಂದು ಬದಲಿಸಿ, ಅದರ ಆಡಳಿತಕ್ಕೆ ಒಂದು ಹುಕುಂನಾಮೆ ಹೊರಡಿಸಿದರು. ವರ್ಷಕ್ಕೊಮ್ಮೆ ದನಗಳ ಎಣಿಕೆ ನಡೆಯುವಾಗ ತಾವೇ ಹೋಗಿ ನೋಡಿ, ಚೆನ್ನಾಗಿ ಸಾಕಿದ ನೌಕರರಿಗೆ ಇನಾಮು ಕೊಡುತ್ತಿದ್ದರಂತೆ. ಹಾಲು ಕಡಿಮೆ ಕೊಡುವ ದನಕ್ಕೆ ಅಮೃತದ ಹೆಸರು ಅಂಟಿದ್ದು ಸೋಜಿಗವೇ. ಆದರೂ ಇಂದಿಗೂ ಆ ತಳಿಯನ್ನು ಅಮೃತಮಹಲ್ ಎಂದೇ ಕರೆಯುತ್ತಾರೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನಗಳ ಬೆಲೆ ಬ್ರಿಟಿಷರಿಗೂ ತಿಳಿಯಿತು. 1813ರಲ್ಲಿ ಮದ್ರಾಸ್ ಸೈನ್ಯದ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆ ಇದರ ಉಸ್ತುವಾರಿ ವಹಿಸಿಕೊಂಡ. 1860ರಲ್ಲಿ ಮದ್ರಾಸ್ ಸರ್ಕಾರ ಖರ್ಚು ಉಳಿಸುವ ನೆಪದಲ್ಲಿ ದನಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತುಗಳು ಸಿಗದೆ ಪೇಚಾಟವಾಗಿ, 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ವಶಕ್ಕೆ ಬಂತು.

ಈ ಎಲ್ಲ ಆಡಳಿತಗಳಲ್ಲೂ ಉಳಿದುಬಂದ ಒಂದು ಪದ್ಧತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಿಗೆಯ ಕಾವಲುಗಳು ಹೆಚ್ಚಾಗಿ ಕೆರೆಯಂಗಳದಲ್ಲಿ, ನೀರು ನೆರಳು ಇರುವಲ್ಲಿ ಇರುತ್ತಿದ್ದವು. ಮಳೆ ಬಿದ್ದ ಮೇಲೆ ದನಗಳು ಬಯಲಿನ ಹುಲ್ಲಿಗೆ ಹೋಗುತ್ತಿದ್ದವು. ಅಂದರೆ ಒಂದು ಕಾವಲು ವರ್ಷದ ಕೆಲವು ತಿಂಗಳು ಬರಿದಾಗಿ ಕಂಡರೆ ಅದು ಸತ್ತ ನೆಲವೆಂದು ಆ ಅಧಿಕಾರಿಗಳು ತಿಳಿಯುತ್ತಿರಲಿಲ್ಲ. ಸರದಿ ಬಂದಾಗ ಅಲ್ಲಿ ಹುಲ್ಲು ಇದ್ದೇ ಇರುತ್ತದೆಂಬ ಭರವಸೆಯ ಮೇಲೆಯೇ ಒಂದು ಸೈನ್ಯದ ಸಾಗಾಟ ನಿಂತಿತ್ತು.

ಈ ಭರವಸೆಗೆ ಜೀವಶಾಸ್ತ್ರದಲ್ಲಿ ಆಧಾರವಿದೆ. ಹುಲ್ಲಿನ ಬೆಳೆಯುವ ಮೊಗ್ಗು ಗಿಡದ ತುದಿಯಲ್ಲಿಲ್ಲ, ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು ಅಥವಾ ನೆಲದೊಳಗೆ ಇರುತ್ತದೆ. ದನ ಮೇಯ್ದರೆ, ಬಿಸಿಲು ಸುಟ್ಟರೆ, ಕೊನೆಗೆ ಬೆಂಕಿ ಹಾಯ್ದರೂ ಮೇಲಿನ ಎಲೆ ಹೋಗುತ್ತದೆಯೇ ಹೊರತು ಮೊಗ್ಗು ಉಳಿಯುತ್ತದೆ. ಬೇರು ಕೂಡಿಟ್ಟ ಆಹಾರವನ್ನು ಅತಿ ನಿಧಾನವಾಗಿ ಖರ್ಚು ಮಾಡುತ್ತಾ, ಬಹಳ ಮೆಲ್ಲಗೆ ಉಸಿರಾಡುತ್ತಾ ಕಾಯುತ್ತದೆ. ಇದಕ್ಕೆ ಸುಪ್ತಾವಸ್ಥೆ ಎನ್ನುತ್ತಾರೆ. ಚಳ್ಳಕೆರೆ ಸೀಮೆಯ ವಾರ್ಷಿಕ ಮಳೆ 500 ಮಿಲಿಮೀಟರಿನ ಆಸುಪಾಸು, ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಇದೂ ಒಂದು. ಇಲ್ಲಿ ಮರ ಬೆಳೆಯಲು ಹೆಣಗಬೇಕು, ಹುಲ್ಲಿಗೆ ಅಷ್ಟು ನೀರು ಸಾಕು. ಒಂದೆರಡು ಹದ ಮಳೆಯಾದರೆ ವಾರದೊಳಗೆ ಬೂದು ನೆಲ ಹಸಿರಾಗುತ್ತದೆ. ಕುರಿ ಸಾಕುವವರಿಗೆ, ದೇವರ ಎತ್ತುಗಳನ್ನು ಕಾಯುವ ಮ್ಯಾಸನಾಯಕ ಕಿಲಾರಿಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಪಟ್ಟಿಯ ಉಳಿದ ಲಕ್ಷಣಗಳನ್ನು ಇದೇ ಕಾವಲಿನಲ್ಲಿ ಪರೀಕ್ಷಿಸೋಣ. ತಮ್ಮಂತಹ ಜೀವಿಗಳಿಗೆ ಜನ್ಮ ಕೊಡಬೇಕು ಎನ್ನುತ್ತೇವೆ. ಹೈದರನ ಫಿರಂಗಿ ಎಳೆದ ಎತ್ತುಗಳೆಲ್ಲ ಬೀಜ ಒಡೆಸಿದವು, ಅವುಗಳಿಂದ ಒಂದು ಕರುವೂ ಹುಟ್ಟುವಂತಿರಲಿಲ್ಲ. ಆದರೂ ಎತ್ತಿಗಿಂತ ಜೀವಂತವಾದದ್ದು ಯಾವುದಿದೆ? ಬೆಳೆಯಬೇಕು ಎನ್ನುತ್ತೇವೆ. ಬೇಸಿಗೆಯಲ್ಲಿ ಕಾವಲಿಗೆ ಬಿದ್ದ ಬೆಂಕಿ ಬೆಳೆಯುತ್ತದೆ, ಹುಲ್ಲನ್ನು ‘ತಿನ್ನುತ್ತದೆ’, ಗಾಳಿಯ ಆಮ್ಲಜನಕವನ್ನು ಬಳಸುತ್ತದೆ, ಬೂದಿಯನ್ನು ಹೊರಹಾಕುತ್ತದೆ, ಒಂದು ಕಿಡಿ ಹಾರಿ ಇನ್ನೊಂದು ಬೆಂಕಿಯನ್ನು ಹುಟ್ಟಿಸುತ್ತದೆ. ಬೆಂಕಿಗೆ ಜೀವವಿದೆಯೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಪಟ್ಟಿಯ ಒಂದು ಲಕ್ಷಣ ಇಲ್ಲದಿದ್ದರೂ ಜೀವ ಇರಬಹುದು, ನಾಲ್ಕೈದು ಇದ್ದರೂ ಜೀವ ಇಲ್ಲದಿರಬಹುದು.

ಈ ತೊಡಕು ಹೊಸದಲ್ಲ. ಉರ್ದು ಶಾಲೆಯಲ್ಲಿ ಓದಿದವರಿಗೆ ಜಮಾದಾತ್, ನಬಾತಾತ್, ಹೈವಾನಾತ್ ಎಂಬ ಮೂರು ಪದಗಳು ಪರಿಚಿತ. ಜಡವಸ್ತುಗಳು, ಸಸ್ಯಗಳು, ಪ್ರಾಣಿಗಳು ಎಂದು ಅರ್ಥ. ಹತ್ತನೆಯ ಶತಮಾನದಲ್ಲಿ ಬಸ್ರಾ ನಗರದಲ್ಲಿ ‘ಇಖ್ವಾನುಸ್ಸಫಾ’ ಎಂಬ ವಿದ್ವಾಂಸರ ಬಳಗವೊಂದಿತ್ತು. ಅವರು ಈ ಮೂರನ್ನು ಮೂರು ಬೇರೆ ಬೇರೆ ಪೆಟ್ಟಿಗೆಗಳಾಗಿ ನೋಡದೆ ಒಂದೇ ಏಣಿಯ ಮೆಟ್ಟಿಲುಗಳಾಗಿ ನೋಡಿದರು. ಗಡಿಯಲ್ಲಿ ನಿಂತ ವಸ್ತುಗಳೇ ಅವರಿಗೆ ಹೆಚ್ಚು ಕುತೂಹಲದ ವಿಷಯ. ಖರ್ಜೂರದ ಮರದಲ್ಲಿ ಗಂಡು ಬೇರೆ ಹೆಣ್ಣು ಬೇರೆ, ತಲೆ ಕಡಿದರೆ ಇಡೀ ಮರ ಸಾಯುತ್ತದೆ. ಆದ್ದರಿಂದ ಅದು ಸಸ್ಯಗಳಲ್ಲಿ ಪ್ರಾಣಿಗೆ ತೀರಾ ಹತ್ತಿರದ್ದು ಎಂದು ಅವರು ವಾದಿಸಿದರು. ನಮ್ಮ ಹಳ್ಳಗಳ ದಂಡೆಯ ಈಚಲು ಮರ ಖರ್ಜೂರದ ದಾಯಾದಿ, ಅದರಲ್ಲೂ ಗಂಡು ಹೆಣ್ಣು ಬೇರೆ ಬೇರೆ. ನೋಡಬೇಕೆನ್ನುವವರು ಹೂ ಬಿಡುವ ಕಾಲದಲ್ಲಿ ಹೋಗಿ ನೋಡಬಹುದು. 1377ರಲ್ಲಿ ಇಬ್ನ್ ಖಲ್ದೂನ್ ತನ್ನ ‘ಮುಕದ್ದಿಮಾ’ದಲ್ಲಿ ಇದೇ ಏಣಿಯನ್ನು ವಿವರಿಸುತ್ತಾ, ಸಸ್ಯಗಳ ಕೊನೆಯ ಮೆಟ್ಟಿಲಿನಲ್ಲಿ ಖರ್ಜೂರ ಮತ್ತು ದ್ರಾಕ್ಷಿಯನ್ನೂ, ಪ್ರಾಣಿಗಳ ಮೊದಲ ಮೆಟ್ಟಿಲಿನಲ್ಲಿ ಬಸವನಹುಳು ಮತ್ತು ಚಿಪ್ಪಿನ ಜೀವಿಗಳನ್ನೂ ಇಟ್ಟ. ಇಂದಿನ ವಿಜ್ಞಾನ ಈ ಏಣಿಯನ್ನು ಒಪ್ಪುವುದಿಲ್ಲ. ಆದರೆ ಗಡಿಯಲ್ಲಿರುವುದನ್ನು ಹುಡುಕಿ ಪರೀಕ್ಷಿಸುವ ಅವರ ಅಭ್ಯಾಸ ಇಂದಿಗೂ ಕೆಲಸಕ್ಕೆ ಬರುತ್ತದೆ.

ಯುರೋಪಿನಲ್ಲಿ ಬಹುಕಾಲ ಜೀವಿಗಳ ದೇಹದಲ್ಲಿ ಒಂದು ವಿಶೇಷ ‘ಜೀವಶಕ್ತಿ’ ಇದೆ, ಅದಿಲ್ಲದೆ ದೇಹದ ಪದಾರ್ಥಗಳನ್ನು ತಯಾರಿಸಲಾಗದು ಎಂಬ ನಂಬಿಕೆಯಿತ್ತು. 1828ರಲ್ಲಿ ಜರ್ಮನಿಯ ಫ್ರೀಡ್ರಿಶ್ ವೋಲರ್ ಪ್ರಯೋಗಾಲಯದಲ್ಲಿ ಯೂರಿಯಾ ತಯಾರಿಸಿದ. ದನದ ಗಂಜಲದಲ್ಲಿರುವ, ಇಂದು ನಮ್ಮ ರೈತರು ಚೀಲಗಟ್ಟಲೆ ತಂದು ಹೊಲಕ್ಕೆ ಹಾಕುವ ಅದೇ ಯೂರಿಯಾ. ಮೂತ್ರಪಿಂಡವೂ ಬೇಡ, ದನವೂ ಬೇಡ! ಜೀವಶಕ್ತಿಯ ವಾದ ಅಂದೇ ಬಿದ್ದುಹೋಗಲಿಲ್ಲ, ಆದರೆ ಜೀವಿಗೂ ಜಡಕ್ಕೂ ಪದಾರ್ಥದಲ್ಲಿ ಭೇದವಿಲ್ಲವೆಂಬುದು ಕ್ರಮೇಣ ಸ್ಪಷ್ಟವಾಯಿತು. 1901ರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಲಂಡನ್ನಿನ ವಿದ್ವಾಂಸರ ಮುಂದೆ, ಸ್ನಾಯುವಿನಂತೆ ಲೋಹವೂ ವಿದ್ಯುತ್ ಪ್ರತಿಕ್ರಿಯೆ ತೋರುತ್ತದೆ, ದಣಿಯುತ್ತದೆ ಎಂದು ತೋರಿಸಿದಾಗ ಪಟ್ಟಿಯ ಇನ್ನೊಂದು ಲಕ್ಷಣವೂ ಅಲುಗಾಡಿತು.

ದನಗಳಿಗೆ ಬರುವ ಕಾಲುಬಾಯಿ ಜ್ವರದ ಕಥೆ ಇನ್ನೂ ವಿಚಿತ್ರ. 1898ರಲ್ಲಿ ಲೋಫ್ಲರ್ ಮತ್ತು ಫ್ರಾಷ್ ಎಂಬ ಜರ್ಮನ್ ವಿಜ್ಞಾನಿಗಳು ರೋಗದ ಗುಳ್ಳೆಯ ದ್ರವವನ್ನು ಯಾವ ಬ್ಯಾಕ್ಟೀರಿಯವೂ ನುಸುಳಲಾರದ ಜರಡಿಯಲ್ಲಿ ಸೋಸಿದರು. ಸೋಸಿದ ದ್ರವದಿಂದಲೂ ರೋಗ ಬಂತು, ಒಂದು ದನದಿಂದ ಇನ್ನೊಂದಕ್ಕೆ ಹರಡುತ್ತಲೂ ಹೋಯಿತು. ಪ್ರಾಣಿಗಳಲ್ಲಿ ರೋಗ ತರುವ ವೈರಸ್ ಪತ್ತೆಯಾದದ್ದು ಅದೇ ಮೊದಲು. ವೈರಸ್ ತಾನಾಗಿ ತಿನ್ನುವುದಿಲ್ಲ, ಉಸಿರಾಡುವುದಿಲ್ಲ. ಜೀವಕೋಶದ ಹೊರಗೆ ಅದು ಧೂಳಿನ ಕಣದಂತೆ. ಒಳಹೊಕ್ಕರೆ ಸಾವಿರಾರು ಮರಿಗಳು. ಅದನ್ನು ಸಜೀವಿ ಎನ್ನಬೇಕೋ ನಿರ್ಜೀವಿ ಎನ್ನಬೇಕೋ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಪರೀಕ್ಷೆಯಲ್ಲಿ ‘ಸಜೀವ ನಿರ್ಜೀವಗಳ ನಡುವಿನ ಕೊಂಡಿ’ ಎಂದು ಬರೆದರೆ ಅಂಕ ಸಿಗುತ್ತದೆ, ಸದ್ಯಕ್ಕೆ ಅಷ್ಟು ಸಾಕು.

1994ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಬೇರೆ ಲೋಕಗಳಲ್ಲಿ ಜೀವ ಹುಡುಕುವ ಕೆಲಸಕ್ಕಾಗಿ ಒಂದು ವ್ಯಾಖ್ಯೆ ಒಪ್ಪಿಕೊಂಡಿತು. ತನ್ನನ್ನು ತಾನು ನಡೆಸಿಕೊಂಡು ಹೋಗುವ, ಡಾರ್ವಿನ್ ಹೇಳಿದ ರೀತಿಯಲ್ಲಿ ವಿಕಾಸ ಹೊಂದಬಲ್ಲ ರಾಸಾಯನಿಕ ವ್ಯವಸ್ಥೆಯೇ ಜೀವ ಎಂಬುದು ಅದರ ಸಾರ. ಬೆಂಕಿ ಇಲ್ಲಿ ಸೋಲುತ್ತದೆ, ಏಕೆಂದರೆ ಕಿಡಿಗೆ ತಾಯಿಬೆಂಕಿಯ ಗುಣ ಬರುವುದಿಲ್ಲ, ಅದಕ್ಕೆ ಸಿಗುವ ಸೌದೆಯೇ ಅದರ ಗುಣ. ಅಮೃತಮಹಲ್ ದನ ಗೆಲ್ಲುತ್ತದೆ. ಬರ, ಬಿಸಿಲು, ದೂರದ ನಡಿಗೆ ಇವುಗಳನ್ನು ತಾಳಿದ ದನಗಳು ಉಳಿದು, ಜನರು ಆರಿಸಿದ ಹೋರಿಗಳಿಂದ ಕರು ಹುಟ್ಟಿ, ಮುನ್ನೂರು ವರ್ಷಗಳಲ್ಲಿ ಒಂದು ತಳಿಯೇ ರೂಪುಗೊಂಡಿತು. ಒಂಟಿ ಎತ್ತಿನಲ್ಲಿ ಇದು ಕಾಣುವುದಿಲ್ಲ, ಇಡೀ ಮಂದೆಯನ್ನು ತಲೆಮಾರುಗಳ ಕಾಲ ನೋಡಿದರೆ ಕಾಣುತ್ತದೆ. ನನಗೆ ಈ ವ್ಯಾಖ್ಯೆಯಲ್ಲಿ ಮುಖ್ಯವೆನಿಸುವುದು ಇದೇ: ಜೀವವನ್ನು ಗುರುತಿಸಲು ಒಂದು ನೋಟ ಸಾಲದು, ಕಾಲ ಬೇಕು.

ಈಗ ನೆಲದ ವಿಷಯಕ್ಕೆ ಮರಳೋಣ. ಹುಲ್ಲುಗಾವಲನ್ನು ಸಾಮಾನ್ಯವಾಗಿ ‘ಬಂಜರು’ ಎನ್ನುತ್ತೇವೆ. ಉರ್ದುವಿನಲ್ಲೂ ಬಂಜರ್ ಎಂದೇ ಹೇಳುತ್ತಾರೆ. ಅಕ್ಬರನ ಕಾಲದ ‘ಐನ್-ಎ-ಅಕ್ಬರಿ’ಯಲ್ಲಿ ಅಬುಲ್ ಫಜಲ್ ಭೂಮಿಯನ್ನು ಪೋಲಜ್, ಪರೌತಿ, ಚಾಚರ್, ಬಂಜರ್ ಎಂದು ನಾಲ್ಕು ಬಗೆಯಾಗಿ ಹೇಳಿದ್ದಾನೆ. ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸಾಗುವಳಿ ಮಾಡದೆ ಬಿಟ್ಟ ನೆಲವೇ ಬಂಜರ್. ಅದು ಕಂದಾಯದ ಲೆಕ್ಕದ ಮಾತು. ನೇಗಿಲು ಮುಟ್ಟಿಲ್ಲ, ಆದ್ದರಿಂದ ತೆರಿಗೆ ಇಲ್ಲ ಎಂದಷ್ಟೇ ಅದರ ಅರ್ಥ, ಅಲ್ಲಿ ಜೀವವಿಲ್ಲ ಎಂದಲ್ಲ. ಕಾಲಕ್ರಮೇಣ ಲೆಕ್ಕದ ಮಾತು ನೆಲದ ಗುಣದ ಮಾತಾಗಿಬಿಟ್ಟಿತು. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿಯ ಕಾಲದಿಂದ ರಾಜ್ಯದ ಎಷ್ಟೋ ಕಾವಲುಗಳು ಸಾಗುವಳಿಗೆ, ಕಟ್ಟಡಕ್ಕೆ, ನೆಡುತೋಪಿಗೆ ಹಂಚಿಹೋದವು. ಖಾಲಿ ಬಿದ್ದಿರುವ ನೆಲವಲ್ಲವೇ ಎಂಬುದೇ ಎಲ್ಲ ಕಡೆ ಕೇಳಿಬಂದ ಮಾತು.

ದೊಡ್ಡಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸರದಿ ಈ ಶತಮಾನದ ಮೊದಲ ದಶಕದ ಕೊನೆಗೆ ಬಂತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,000 ಎಕರೆಗೂ ಹೆಚ್ಚು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ ಮತ್ತು ಇಸ್ರೊಗೆ ಇನ್ನಷ್ಟು, ಹೀಗೆ ಸುಮಾರು ಹತ್ತು ಸಾವಿರ ಎಕರೆ ಹಂಚಿಕೆಯಾಯಿತು. ಗೋಡೆ, ಬೇಲಿ ಎದ್ದವು. ಕುರಿ ದನ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಗಳ ಜನ ಪ್ರತಿಭಟಿಸಿದರು. ಪ್ರಕರಣ ಚೆನ್ನೈನ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿ 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಯೋಜನೆಗಳು ಮುಂದುವರಿದವು. ಹಿಂದುಳಿದ ತಾಲ್ಲೂಕಿಗೆ ವಿಜ್ಞಾನ ಸಂಸ್ಥೆಗಳು ಬಂದದ್ದು ಸಣ್ಣ ಮಾತಲ್ಲ. ಕುದಾಪುರದ ಕ್ಯಾಂಪಸ್ಸಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ನೀಡುತ್ತಿದೆ, ನಮ್ಮ ಶಾಲೆಗಳಿಗೆ ಅದು ದೊಡ್ಡ ಅನುಕೂಲ. ನನ್ನ ಆಕ್ಷೇಪ ಸಂಸ್ಥೆಗಳ ಬಗ್ಗೆ ಅಲ್ಲ, ನೆಲ ಕೊಡುವಾಗ ಬಳಸಿದ ‘ಖಾಲಿ’ ಎಂಬ ಮಾತಿನ ಬಗ್ಗೆ. ಕೃಷ್ಣಮೃಗ, ತೋಳ, ನೆಲದಲ್ಲೇ ಮೊಟ್ಟೆಯಿಡುವ ಹಕ್ಕಿಗಳು ಇವೆಲ್ಲ ಬದುಕುವುದು ಕಾಡಿನಲ್ಲಲ್ಲ, ಇಂಥ ಬಯಲಿನಲ್ಲಿ. ಎರ್ಲಡ್ಡು ಎಂಬ ದೊಡ್ಡ ಹಕ್ಕಿ ಹುಲ್ಲುಗಾವಲುಗಳು ಕರಗಿದಂತೆ ತಾನೂ ಕರಗಿ, ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ.

ಇದೇ ಕಾವಲಿನಲ್ಲಿ 2016ರಲ್ಲಿ ಒಂದು ಅಪರೂಪದ ಕೆಲಸ ನಡೆಯಿತು. ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಚಂದ್ರನ ಕುಳಿಗಳನ್ನು ಗುರುತಿಸಿ ಸುರಕ್ಷಿತ ಜಾಗ ಆರಿಸಬೇಕಿತ್ತು. ಆ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೊ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಿಸಿ, ಮೇಲೆ ವಿಮಾನ ಹಾರಿಸಿ ನೋಡಿತು. 2019ರ ಸೆಪ್ಟೆಂಬರ್ 7ರಂದು ಆ ಲ್ಯಾಂಡರ್ ಚಂದ್ರನ ಮೇಲೆ ಬಿದ್ದು ಒಡೆಯಿತು. ಮುಂದಿನ ನೌಕೆಗಾಗಿ 2020ರಲ್ಲಿ ಮತ್ತೆ ಇಲ್ಲೇ ಹೊಸ ಕುಳಿಗಳ ತಯಾರಿ ಆರಂಭವಾಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುಗಮವಾಗಿ ಇಳಿದಾಗ ನಮ್ಮ ಮಕ್ಕಳು ಚಪ್ಪಾಳೆ ತಟ್ಟಿದ್ದು ಸಹಜವೇ.

ಚಂದ್ರನ ಕುಳಿಗೂ ಉಳ್ಳಾರ್ತಿಯ ಕುಳಿಗೂ ಒಂದು ವ್ಯತ್ಯಾಸವಿದೆ. ಚಂದ್ರನಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಬೇರಿಲ್ಲ. ಅಲ್ಲಿನ ಕುಳಿಗಳು ಕೋಟಿಗಟ್ಟಲೆ ವರ್ಷ ಹೆಚ್ಚು ಬದಲಾಗದೆ ಇರುತ್ತವೆ. ಕಾವಲಿನಲ್ಲಿ ಗುಂಡಿ ತೋಡಿದರೆ ಮೊದಲ ಮಳೆಗೆ ಅಂಚು ಕುಸಿಯುತ್ತದೆ, ತಳದಲ್ಲಿ ತೇವ ನಿಲ್ಲುತ್ತದೆ, ಆಮೇಲೆ ಹುಲ್ಲು ಬರುತ್ತದೆ. 1969ರಲ್ಲಿ ಚಂದ್ರನಿಂದ ಮರಳಿದ ಅಪೋಲೊ-11ರ ಯಾತ್ರಿಗಳನ್ನು, ಅಲ್ಲಿಂದ ಯಾವುದಾದರೂ ರೋಗಾಣು ಬಂದೀತೆಂಬ ಭಯದಿಂದ ಮೂರು ವಾರ ಪ್ರತ್ಯೇಕವಾಗಿ ಇರಿಸಿದ್ದರು. ಏನೂ ಬಂದಿರಲಿಲ್ಲ. 2019ರ ಜನವರಿಯಲ್ಲಿ ಚೀನಾದ ನೌಕೆಯೊಳಗಿನ ಮುಚ್ಚಿದ ಡಬ್ಬಿಯಲ್ಲಿ ಒಂದು ಹತ್ತಿಬೀಜ ಚಂದ್ರನ ಮೇಲೆ ಮೊಳೆಯಿತು. ಆದರೆ ಅದರ ನೀರು, ಗಾಳಿ, ಮಣ್ಣು ಎಲ್ಲವೂ ಭೂಮಿಯಿಂದ ಹೋದವು. ಚಂದ್ರನ ರಾತ್ರಿಯ ಚಳಿಗೆ ಅದು ಸತ್ತಿತು.

1976ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ವೈಕಿಂಗ್ ನೌಕೆಗಳು ಅಲ್ಲಿನ ಮಣ್ಣಿಗೆ ಪೋಷಕ ದ್ರವ ಹಾಕಿ, ಅನಿಲ ಹೊರಬರುತ್ತದೆಯೇ ಎಂದು ನೋಡಿದವು. ಅನಿಲ ಬಂತು! ಅದೇ ಮಣ್ಣಿನ ಇನ್ನೊಂದು ಭಾಗವನ್ನು ಮೊದಲೇ 160 ಡಿಗ್ರಿಗೆ ಕಾಯಿಸಿ ನೋಡಿದಾಗ ಬರಲಿಲ್ಲ. ಆದರೂ ಜೀವಿಗಳ ದೇಹದಲ್ಲಿರಬೇಕಾದ ಇಂಗಾಲದ ಸಂಯುಕ್ತಗಳು ಸಿಗದ ಕಾರಣ, ಅದು ಮಣ್ಣಿನ ರಾಸಾಯನಿಕ ಕ್ರಿಯೆ ಇರಬೇಕೆಂದು ಹೆಚ್ಚಿನ ವಿಜ್ಞಾನಿಗಳು ತೀರ್ಮಾನಿಸಿದರು. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣವನ್ನು ಪತ್ತೆಮಾಡಿದ ಮೇಲೆ ಚರ್ಚೆ ಇನ್ನಷ್ಟು ಬೆಳೆಯಿತು.

ಕಾಯಿಸಿದ ಮಣ್ಣನ್ನು ಕಾಯಿಸದ ಮಣ್ಣಿನ ಪಕ್ಕದಲ್ಲಿಟ್ಟು ನೋಡುವ ಈ ಉಪಾಯಕ್ಕೆ ಮಂಗಳಕ್ಕೇ ಹೋಗಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಊರ ಹೊರಗಿನ ಬಯಲಿನಿಂದ, ಒಣಗಿದ ಹುಲ್ಲಿನ ಬುಡದ ಮಣ್ಣನ್ನು ಎರಡು ಬೊಗಸೆ ತನ್ನಿ. ಒಂದು ಬೊಗಸೆಯನ್ನು ಹಿರಿಯರ ನೆರವಿನಿಂದ ಹಳೆಯ ಬಾಣಲೆಯಲ್ಲಿ ಒಂದು ಗಂಟೆ ಚೆನ್ನಾಗಿ ಹುರಿದು ಆರಿಸಿ. ಎರಡನ್ನೂ ಒಂದೇ ಅಳತೆಯ ಎರಡು ತಟ್ಟೆಗಳಲ್ಲಿ ಹರಡಿ, ಕುದಿಸಿ ಆರಿಸಿದ ನೀರನ್ನು ಎರಡಕ್ಕೂ ಒಂದೇ ಅಳತೆಯಲ್ಲಿ ಚಿಮುಕಿಸಿ, ತೆಳು ಬಟ್ಟೆ ಮುಚ್ಚಿ, ಬೆಳಕಿರುವ ಕಿಟಕಿಯ ಬಳಿ ಇಡಿ. ಹದಿನೈದು ದಿನ ಏನು ಕಂಡಿತೆಂದು ದಿನಾಂಕ ಹಾಕಿ ಬರೆಯಿರಿ. ಹುರಿಯದ ತಟ್ಟೆಯಲ್ಲಿ ಹಸಿರು ಕಂಡರೆ ಮೊಳಕೆ ಬೀಜದಿಂದ ಬಂತೋ ಹಳೆಯ ಬುಡದಿಂದ ಬಂತೋ ಎಂದು ಮೆಲ್ಲಗೆ ಕೆದಕಿ ನೋಡಿ. ಹುರಿದ ತಟ್ಟೆಯಲ್ಲೂ ಏನಾದರೂ ಕಂಡರೆ ಅದು ಎಲ್ಲಿಂದ ಬಂತು, ಬಟ್ಟೆಯ ಸಂದಿಯಿಂದಲೋ, ಗಾಳಿಯಿಂದಲೋ, ಹುರಿದದ್ದು ಸಾಲದಾಯಿತೋ ಎಂದು ಯೋಚಿಸಿ ಅದನ್ನೂ ಬರೆದುಕೊಂಡು, ವಿಜ್ಞಾನದ ಶಿಕ್ಷಕರಿಗೆ ತೋರಿಸಿ.